ಕಣಕ್ಕಿಳಿಯುವ ಅಧಿಕಾರ

ಸೋಲು ಬಹುಮಟ್ಟಿಗೆ ನಿಶ್ಚಿತವೆಂದು ಬಲ್ಲವನು, ಬಲ್ಲವನಾಗಿಯೂ ಕಣಕ್ಕಿಳಿದು ತನ್ನ ಶಕ್ತಿಯನ್ನೆಲ್ಲ ವೆಚ್ಚಮಾಡುವನಾದರೆ, ಆ ಪ್ರಯತ್ನಕ್ಕೆ ಬೆಲೆಯೇನು ಎಂಬುದು ವಿಚಾರವಂತರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಅದಕ್ಕೆ ಹೊಂದಿಕೊಂಡೇ ಇನ್ನೊಂದು ಪ್ರಶ್ನೆಯುಂಟು. ಅದು ಕೇಳಿಬರುವುದು ಸ್ವಲ್ಪ ಅಪರೂಪ: ಅಂಥವನನ್ನು ಕಣದೊಳಕ್ಕೆ ಬಿಡುವುದು ಬಲಿಷ್ಠರ ಔದಾರ್ಯವೋ, ಅಥವಾ ಅವರು ಸಲ್ಲಿಸಲೇಬೇಕಾದ ಋಣವೋ? ಹಿಂದೆ ಯಜ್ಞಶಾಲೆಯಲ್ಲಿಯೂ ರಾಜಸಭೆಯಲ್ಲಿಯೂ ಶಸ್ತ್ರಪರೀಕ್ಷೆಯ ರಂಗದಲ್ಲಿಯೂ ಎದ್ದ ಈ ಪ್ರಶ್ನೆಗಳು ನಮ್ಮ ಕಾಲದಲ್ಲಿ ಕ್ರಿಕೆಟ್ಟಿನ ಮೈದಾನದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿವೆ. ವಿಶ್ವಕಪ್ ಬಂದಾಗಲೆಲ್ಲ ನಾಲ್ಕಾರು ಸಣ್ಣ ತಂಡಗಳು ಬರುತ್ತವೆ, ದೊಡ್ಡ ತಂಡಗಳ ಕೈಯಲ್ಲಿ ಪೆಟ್ಟು ತಿನ್ನುತ್ತವೆ, ಹೊರಟುಹೋಗುತ್ತವೆ. ಇವರು ಬರುವುದಾದರೂ ಏತಕ್ಕೆ ಎಂದು ಕೆಲವರು ಕೇಳುತ್ತಾರೆ. ಆಟದ ಮಾತೆಂದು ಇದನ್ನು ಹಗುರವಾಗಿ ಕಾಣಬೇಕಾದುದಿಲ್ಲ. ಲೋಕವ್ಯವಹಾರದಲ್ಲಿ ನೂರು ಹೊದಿಕೆಗಳೊಳಗೆ ಅಡಗಿರುವ ನ್ಯಾಯಾನ್ಯಾಯಗಳು ಆಟದಲ್ಲಿ ಅಂಕಿಗಳೊಡನೆ ಬಯಲಿಗೆ ಬರುತ್ತವೆ. ಆದುದರಿಂದ ವಿಚಾರಮಾಡುವವನಿಗೆ ಅದಕ್ಕಿಂತ ಅನುಕೂಲವಾದ ಸ್ಥಳ ಸಿಕ್ಕುವುದು ಕಷ್ಟ.

ಮೊದಲನೆಯ ಪ್ರಶ್ನೆಗೆ ಒಂದು ದೃಷ್ಟಾಂತ. 2007ರ ವಿಶ್ವಕಪ್ಪಿನಲ್ಲಿ, ಮಾರ್ಚ್ 19ರಂದು, ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಭಾರತಕ್ಕೂ ಬರ್ಮುಡಾಕ್ಕೂ ಪಂದ್ಯ ನಡೆಯಿತು. ಬರ್ಮುಡಾ ಎಂಬುದು ಅಟ್ಲಾಂಟಿಕ್ ಸಾಗರದ ನಡುವಣ ಪುಟ್ಟ ದ್ವೀಪಗಳ ಸಮೂಹ. ಅಲ್ಲಿಯ ಒಟ್ಟು ಜನಸಂಖ್ಯೆ 70,000ವನ್ನು ಮುಟ್ಟದು. ಆ ತಂಡದ ಸ್ಪಿನ್ ಬೌಲರ್ ಡ್ವೇನ್ ಲೆವೆರಾಕ್ ವೃತ್ತಿಯಲ್ಲಿ ಪೊಲೀಸ್ ಇಲಾಖೆಯವನು, ಕೈದಿಗಳನ್ನು ಸಾಗಿಸುವ ವಾಹನದ ಚಾಲಕ. ಶರೀರದಲ್ಲಿ ಎಷ್ಟು ಸ್ಥೂಲನೆಂದರೆ, ಓಟಗಾರರ ಈ ಆಟದಲ್ಲಿ ಇವನಿಗೇನು ಕೆಲಸವೆಂದು ಕಂಡವರು ಅಂದುಕೊಳ್ಳುವಂಥವನು. ಪಂದ್ಯ ಆರಂಭವಾಗಿ ಇನ್ನೂ ಮೂರು ರನ್ನುಗಳಾಗಿದ್ದುವು. ಮಲಾಕೈ ಜೋನ್ಸ್ ಎಂಬ ಹದಿನೇಳು ವರ್ಷದ ಹುಡುಗ ಎಸೆದ ಚೆಂಡು ನಮ್ಮ ಕೊಡಗಿನ ರಾಬಿನ್ ಉತ್ತಪ್ಪನವರ ಬ್ಯಾಟಿನ ಅಂಚನ್ನು ಸವರಿ ಸ್ಲಿಪ್ಪಿನ ಕಡೆಗೆ ಹಾರಿತು. ಅಲ್ಲಿ ನಿಂತಿದ್ದ ಲೆವೆರಾಕ್ ಆ ದೇಹವನ್ನೆಲ್ಲ ಪಕ್ಕಕ್ಕೆ ಚೆಲ್ಲಿ, ಒಂದೇ ಕೈಯಲ್ಲಿ ಚೆಂಡನ್ನು ಹಿಡಿದು ನೆಲಕ್ಕೆ ಬಿದ್ದನು, ಎದ್ದವನೇ ಮೈದಾನದ ತುಂಬ ಓಡಿದನು, ಕೈಮುತ್ತುಗಳನ್ನು ಎಸೆದನು, ಜೊತೆಯವರು ಅವನ ಮೇಲೆ ಬಿದ್ದು ಹರ್ಷದಿಂದ ಕೂಗಿದರು. ಆಮೇಲೆ ನಡೆದುದು ಎಲ್ಲರೂ ಊಹಿಸಿದ್ದಂತೆಯೇ ಆಯಿತು. ಭಾರತ 5 ವಿಕೆಟ್ಟಿಗೆ 413 ರನ್ನುಗಳನ್ನು ಮಾಡಿತು. ಅದೇ ಲೆವೆರಾಕ್ ತನ್ನ ಹತ್ತು ಓವರುಗಳಲ್ಲಿ 96 ರನ್ನುಗಳನ್ನು ತೆತ್ತನು. ಬರ್ಮುಡಾ 156ಕ್ಕೆ ಮುಗಿದು 257 ರನ್ನುಗಳಿಂದ ಸೋತಿತು.

ಫಲದ ತಕ್ಕಡಿಯಲ್ಲಿಟ್ಟು ನೋಡಿದರೆ ಆ ಕ್ಯಾಚಿನ ತೂಕ ಸೊನ್ನೆ. ಅದನ್ನು ಹಿಡಿಯದಿದ್ದರೂ ಬರ್ಮುಡಾ ಸೋಲುತ್ತಿತ್ತು, ಹಿಡಿದೂ ಸೋತಿತು. ಆದರೂ ಆ ದಿನದ 413 ರನ್ನುಗಳಲ್ಲಿ ಒಂದನ್ನಾದರೂ ನೆನಪಿನಲ್ಲಿಟ್ಟುಕೊಳ್ಳದ ಸಾವಿರಾರು ಜನ ಆ ಕ್ಯಾಚನ್ನು ಇಂದಿಗೂ ನೆನೆಯುತ್ತಾರೆ. ಇದಕ್ಕೆ ಕಾರಣ, ಕೆಲವು ಕರ್ಮಗಳು ತಮ್ಮ ಪೂರ್ಣತೆಗಾಗಿ ಮುಂದಿನ ಯಾವುದೋ ಫಲವನ್ನು ಕಾದುಕೊಂಡಿರುವುದಿಲ್ಲ. ಮಾಡಿದ ಕ್ಷಣದಲ್ಲಿಯೇ ಅವು ಪೂರ್ಣವಾಗುತ್ತವೆ. ಗೀತಾಚಾರ್ಯನು ಅರ್ಜುನನಿಗೆ ಕರ್ಮದಲ್ಲಿ ಅಧಿಕಾರವನ್ನು ಹೇಳಿ ಫಲದಲ್ಲಿ ಹೇಳದೆ ಬಿಟ್ಟುದಕ್ಕೆ ವ್ಯಾಖ್ಯಾನಕಾರರು ಅನೇಕ ಅರ್ಥಗಳನ್ನು ಕಲ್ಪಿಸಿದ್ದಾರೆ. ಅವುಗಳಲ್ಲಿ ಸರಳವಾದ ಒಂದು ಇದೇ ಎಂದು ತೋರುತ್ತದೆ.

ಆದರೆ ಇಲ್ಲಿಗೇ ನಿಂತುಬಿಟ್ಟರೆ ಒಂದು ಅಪಾಯವುಂಟು. ನಿಷ್ಕಾಮಕರ್ಮದ ಉಪದೇಶವನ್ನು ಗೆದ್ದವರು ಸೋತವರಿಗೆ ಕೊಡುವ ಸಮಾಧಾನದ ಮಾತನ್ನಾಗಿ ಮಾಡಿಕೊಳ್ಳುವುದು ಬಹು ಸುಲಭ. ಫಲ ನಮಗಿರಲಿ, ಕರ್ಮ ನಿಮಗಿರಲಿ ಎಂದು ಬಲಿಷ್ಠನು ದುರ್ಬಲನಿಗೆ ವೇದಾಂತ ಹೇಳುವುದಾದರೆ ಅದು ವೇದಾಂತವಲ್ಲ, ವಂಚನೆ. ಗೀತೆ ಅರ್ಜುನನಿಗೆ ಗೆಲ್ಲಬೇಡವೆಂದು ಹೇಳಲಿಲ್ಲ. ಗುರಿಯನ್ನು ಬಿಟ್ಟು ಬಾಣವನ್ನು ಎಸೆಯೆಂದೂ ಹೇಳಲಿಲ್ಲ. ಗೆಲವನ್ನು ಗುರಿಯಾಗಿಟ್ಟುಕೊಳ್ಳದ ಆಟಗಾರನು ಆಟಗಾರನೇ ಅಲ್ಲ. ಸುಮ್ಮನೆ ಬಂದು ಹೋಗುವವನು. ಗೆಲವು ಗುರಿಯಾಗಿರಬೇಕು, ಅದೇ ಅಳತೆಗೋಲಾಗಬಾರದು; ಗುರಿಯೊಂದು, ಅಳತೆಯೊಂದು ಎಂಬ ಈ ವಿವೇಕವೇ ಸಣ್ಣ ತಂಡಗಳ ಆಟದಿಂದ ನಾವು ಕಲಿಯಬೇಕಾದ ಮೊದಲ ಪಾಠ.

ಇನ್ನು, ನಿಶ್ಚಿತವೆಂದು ಹೇಳುತ್ತೇವಲ್ಲ, ಆ ನಿಶ್ಚಯ ಎಷ್ಟರಮಟ್ಟಿಗೆ ನಿಶ್ಚಯ? 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ 8 ವಿಕೆಟ್ಟಿಗೆ 327 ರನ್ನುಗಳನ್ನು ಮಾಡಿ ಐರ್ಲೆಂಡನ್ನು ಆಡಲು ಬಿಟ್ಟಿತು. ಮೊದಲನೆಯ ಚೆಂಡಿಗೇ ಐರಿಷ್ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ ಬೌಲ್ಡ್ ಆದನು. ಮೊತ್ತ 111 ಆಗುವಷ್ಟರಲ್ಲಿ ಐದು ವಿಕೆಟ್ಟುಗಳು ಬಿದ್ದಿದ್ದುವು. ಓವರುಗಳಲ್ಲಿ ಅರ್ಧದಷ್ಟು ಕಳೆದಿದ್ದುವು. ವಿಶ್ವಕಪ್ಪಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಬೆನ್ನಟ್ಟಿ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಅರ್ಬುದರೋಗಿಗಳ ಸಹಾಯಾರ್ಥವಾಗಿ ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಓಬ್ರಿಯನ್ ಎಂಬವನು ಆ ಹೊತ್ತಿನಲ್ಲಿ ಬ್ಯಾಟನ್ನು ಬೀಸತೊಡಗಿದನು. 50 ಚೆಂಡುಗಳಲ್ಲಿ ನೂರು ರನ್. ವಿಶ್ವಕಪ್ಪಿನಲ್ಲಿ ಅದುವರೆಗೆ ಅಷ್ಟು ಬೇಗ ಯಾರೂ ನೂರನ್ನು ಮುಟ್ಟಿರಲಿಲ್ಲ. ಅಲೆಕ್ಸ್ ಕ್ಯೂಸ್ಯಾಕನ ಜೊತೆಯಲ್ಲಿ ಆರನೆಯ ವಿಕೆಟ್ಟಿಗೆ 162 ರನ್ನುಗಳು ಬಂದುವು. 113 ರನ್ನುಗಳಿಗೆ ಅವನು ರನ್‌ಔಟ್ ಆದಾಗ ಕೆಲಸ ಬಹುಮಟ್ಟಿಗೆ ಮುಗಿದಿತ್ತು. ಕೊನೆಯ ಓವರಿನ ಮೊದಲ ಚೆಂಡನ್ನು ಜಾನ್ ಮೂನಿ ಬೌಂಡರಿಗೆ ಅಟ್ಟಿ ಐರ್ಲೆಂಡನ್ನು 3 ವಿಕೆಟ್ಟುಗಳಿಂದ ಗೆಲ್ಲಿಸಿದನು. 111ಕ್ಕೆ 5 ಆಗಿದ್ದಾಗ ಸೋಲು ನಿಶ್ಚಿತವೆಂದು ಹೇಳಿದವರೆಲ್ಲ ಬಲ್ಲವರೇ. ಆದರೆ ಬಲ್ಲವರ ನಿಶ್ಚಯವೂ ಒಂದು ಊಹೆಯಷ್ಟೇ ಎಂಬುದು ಆ ರಾತ್ರಿ ನಮ್ಮೂರಿನ ದೀಪಗಳ ಕೆಳಗೆ ಸಿದ್ಧವಾಯಿತು.

ದೈವ ದೊಡ್ಡದೋ ಪೌರುಷ ದೊಡ್ಡದೋ ಎಂಬ ವಾದ ನಮ್ಮ ಗ್ರಂಥಗಳಲ್ಲಿ ಹಳೆಯದು. ಯೋಗವಾಸಿಷ್ಠವು ಈ ವಿಷಯದಲ್ಲಿ ಬಹು ಧೀರವಾದ ಮಾತೊಂದನ್ನು ಹೇಳುತ್ತದೆ: ದೈವವೆಂದು ನಾವು ಹೆದರುವುದು ಬೇರೆ ಯಾವುದೋ ಅಲೌಕಿಕ ಶಕ್ತಿಯಲ್ಲ, ಹಿಂದೆ ಮಾಡಿದ ಪೌರುಷವೇ ಅದು; ಹಿಂದಿನ ಪ್ರಯತ್ನಕ್ಕೂ ಇಂದಿನ ಪ್ರಯತ್ನಕ್ಕೂ ನಡೆಯುವ ಹೋರಾಟದಲ್ಲಿ ಬಲವುಳ್ಳದ್ದು ಗೆಲ್ಲುತ್ತದೆ ಎಂದು ಅದರ ತಾತ್ಪರ್ಯ. ದೊಡ್ಡ ತಂಡಗಳ ದೊಡ್ಡಸ್ತಿಕೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಸುತ್ತಣ ಪ್ರಭಾವಳಿ ಕಳಚಿಬೀಳುತ್ತದೆ. ಆ ಬಲ ಹಿಂದಿನವರು ಆಡಿದ ಆಟಗಳಿಂದ, ಕಟ್ಟಿದ ಮೈದಾನಗಳಿಂದ, ಕೂಡಿಟ್ಟ ಹಣದಿಂದ, ಹೆಚ್ಚಾಗಿ ಹಿಂದೆ ತಿಂದ ಸೋಲುಗಳಿಂದ ಸಂಚಿತವಾದುದು. ಸಂಚಿತವಾದುದು ಇನ್ನೊಬ್ಬರಿಗೂ ಸಂಚಿತವಾಗಬಲ್ಲುದು, ಆಡಲು ಬಿಟ್ಟರೆ.

ಆಡಲು ಬಿಟ್ಟರೆ ಎಂಬ ಆ ಎರಡು ಮಾತುಗಳಲ್ಲಿ ನಮ್ಮ ಎರಡನೆಯ ಪ್ರಶ್ನೆ ಅಡಗಿದೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯಲ್ಲಿ 12 ರಾಷ್ಟ್ರಗಳು ಪೂರ್ಣಸದಸ್ಯರು, ಮಿಕ್ಕವು ಸಹಸದಸ್ಯರು. ಟೆಸ್ಟ್ ಪಂದ್ಯಗಳು ಪೂರ್ಣಸದಸ್ಯರ ಸ್ವತ್ತು. ಮಂಡಳಿಯ ವರಮಾನದಲ್ಲಿ ಬಹುಪಾಲು ಅವರದೇ. ಅವರಲ್ಲಿಯೂ ನಮ್ಮ ದೇಶದ ಮಂಡಳಿಗೆ ಸಲ್ಲುವ ಪಾಲು ಎಲ್ಲರದಕ್ಕಿಂತ ದೊಡ್ಡದು. ವಿಶ್ವಕಪ್ಪಿನಲ್ಲಿ 2015ರಲ್ಲಿ 14 ತಂಡಗಳು ಆಡಿದ್ದುವು. 2019ಕ್ಕೆ ಅದನ್ನು 10ಕ್ಕೆ ಇಳಿಸಿದರು. ಆ ವರ್ಷ ಸಹಸದಸ್ಯ ರಾಷ್ಟ್ರವೊಂದೂ ಒಳಕ್ಕೆ ಬರಲಿಲ್ಲ. ಇದಕ್ಕೆ ಹೇಳಿದ ಸಮಾಧಾನ ಸರಳವಾದದ್ದು: ವಿಶ್ವಕಪ್ ಶ್ರೇಷ್ಠರ ಕಣ, ಮೊದಲು ಯೋಗ್ಯತೆಯನ್ನು ಸಂಪಾದಿಸಿಕೊಳ್ಳಲಿ, ಆಮೇಲೆ ಬರಲಿ.

ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಈ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಯಾವ ಕರ್ಮವನ್ನು ಯಾರು ಮಾಡಬಹುದು ಎಂಬ ವಿಚಾರಕ್ಕೆ ನಮ್ಮ ಮೀಮಾಂಸಕರು ಬಹು ಶ್ರಮಪಟ್ಟಿದ್ದಾರೆ. ಜೈಮಿನಿಯ ಸೂತ್ರಗಳಲ್ಲಿ ಆರನೆಯ ಅಧ್ಯಾಯ ಇಡಿಯಾಗಿ ಅಧಿಕಾರನಿರ್ಣಯಕ್ಕೆ ಮೀಸಲಾದುದು. ಬಯಕೆಯಿರಬೇಕು, ಸಾಮರ್ಥ್ಯವಿರಬೇಕು ಎಂಬುದು ಅವರ ಸಾಮಾನ್ಯ ನಿಯಮ. ಅಲ್ಲಿಯೇ ಒಂದು ಆಕ್ಷೇಪ ಬರುತ್ತದೆ: ಯಜ್ಞಕ್ಕೆ ದ್ರವ್ಯ ಬೇಕು, ಹಾಗಾದರೆ ದ್ರವ್ಯವಿಲ್ಲದ ಬಡವನಿಗೆ ಅಧಿಕಾರವಿಲ್ಲವಷ್ಟೆ? ಸಿದ್ಧಾಂತಿಯ ಉತ್ತರ ಗಮನಾರ್ಹವಾದದ್ದು. ಬಡತನ ಮನುಷ್ಯನಿಗೆ ಅಂಟಿದ ನಿತ್ಯಲಕ್ಷಣವಲ್ಲ; ದ್ರವ್ಯ ಇಂದಿಲ್ಲದಿದ್ದರೆ ನಾಳೆ ಸಂಪಾದಿಸಬಹುದಾದದ್ದು; ಆದುದರಿಂದ ಬಡವನೆಂಬ ಕಾರಣದಿಂದ ಅವನನ್ನು ಹೊರಗಿಡಲಾಗದು. ಕಳೆದುಕೊಳ್ಳಬಹುದಾದ ಕೊರತೆ ಅನಧಿಕಾರಕ್ಕೆ ಕಾರಣವಾಗಲಾರದು ಎಂಬ ಈ ತತ್ತ್ವವನ್ನು ಕ್ರಿಕೆಟ್ಟಿನ ಆಡಳಿತಗಾರರ ಮುಂದಿಟ್ಟರೆ ಅವರು ಏನು ಹೇಳಬಲ್ಲರು? ಸಣ್ಣ ತಂಡದ ಕೊರತೆ ಎಂಥದು? ಒಳ್ಳೆಯ ಬೌಲಿಂಗಿಗೆ ಎದುರಾಗಿ ಸಾಕಷ್ಟು ಸಲ ಆಡಿಲ್ಲವೆಂಬುದು. ಅದು ಕಳೆಯುವುದು ಹೇಗೆ? ಒಳ್ಳೆಯ ಬೌಲಿಂಗಿಗೆ ಎದುರಾಗಿ ಆಡುವುದರಿಂದ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂದು ನಮ್ಮ ಹಳ್ಳಿಯವರು ಹೇಳುವ ಗಾದೆಗೆ ಇದಕ್ಕಿಂತ ಸರಿಯಾದ ಪ್ರಸಂಗ ಸಿಕ್ಕಲಾರದು.

ಇದು ತರ್ಕವೊಂದೇ ಅಲ್ಲ; ಇತಿಹಾಸವೂ ಹೌದು. ಭಾರತ ತನ್ನ ಮೊದಲನೆಯ ಟೆಸ್ಟನ್ನು ಆಡಿದುದು 1932ರ ಜೂನ್ ತಿಂಗಳಲ್ಲಿ, ಲಾರ್ಡ್ಸ್ ಮೈದಾನದಲ್ಲಿ. ಮೊದಲನೆಯ ಗೆಲವು ಬಂದುದು 1952ರಲ್ಲಿ, ಮದರಾಸಿನಲ್ಲಿ. ಆ ಇಪ್ಪತ್ತು ವರ್ಷಗಳ ಕಾಲ, ಯೋಗ್ಯತೆಯಿಲ್ಲದವರೆಂದು ನಮ್ಮನ್ನು ಹೊರಗಟ್ಟಿದ್ದರೆ ಮದರಾಸಿನ ಆ ದಿನ ಬರುತ್ತಿತ್ತೆ? ನ್ಯೂಜಿಲೆಂಡಿನದು ಇನ್ನೂ ದೀರ್ಘವಾದ ತಪಸ್ಸು. 1930ರಲ್ಲಿ ಆರಂಭಿಸಿದ ಆ ದೇಶಕ್ಕೆ ಮೊದಲ ಟೆಸ್ಟ್ ಗೆಲವು ದಕ್ಕಿದುದು 1956ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಆಕ್ಲೆಂಡಿನಲ್ಲಿ ಇಂಗ್ಲೆಂಡಿನ ಎದುರಿಗೆ ಇಡೀ ತಂಡ 26 ರನ್ನುಗಳಿಗೆ ಬಿದ್ದುಹೋಗಿತ್ತು. ಟೆಸ್ಟ್ ಚರಿತ್ರೆಯಲ್ಲಿ ಅದಕ್ಕಿಂತ ಕಿರಿದಾದ ಮೊತ್ತ ಇಂದಿಗೂ ಇಲ್ಲ. ಅದೇ ನ್ಯೂಜಿಲೆಂಡ್ 2021ರಲ್ಲಿ ಸೌತಾಂಪ್ಟನ್ನಿನಲ್ಲಿ ಭಾರತವನ್ನು ಸೋಲಿಸಿ ಪ್ರಥಮ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು. 2003ರಲ್ಲಿ ಶ್ರೀಲಂಕಾ ಎದುರಿಗೆ ಕೆನಡಾ 36ಕ್ಕೂ, ಆಸ್ಟ್ರೇಲಿಯಾ ಎದುರಿಗೆ ನಮೀಬಿಯಾ 45ಕ್ಕೂ ಮುಗಿದುದನ್ನು ತೋರಿಸಿ, ಇಂಥವರು ವಿಶ್ವಕಪ್ಪಿಗೆ ತಕ್ಕವರೆ ಎಂದು ಕೇಳುವವರು ಆ 26ನ್ನು ಒಮ್ಮೆ ನೆನಸಿಕೊಳ್ಳುವುದು ಒಳ್ಳೆಯದು.

ನಮ್ಮ ಸ್ಮರಣೆ ಎಷ್ಟು ಅಲ್ಪಾಯುಷಿಯೆಂದರೆ, ನಾವೂ ಒಂದು ಕಾಲದಲ್ಲಿ ಸಣ್ಣವರಾಗಿದ್ದೆವೆಂಬುದನ್ನೇ ಮರೆತಿದ್ದೇವೆ. ಮೊದಲ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಗೆದ್ದುದು ಒಂದೇ ಪಂದ್ಯ. ಅದೂ 1975ರಲ್ಲಿ ಪೂರ್ವ ಆಫ್ರಿಕಾದ ಮೇಲೆ. 1979ರಲ್ಲಿ ಇನ್ನೂ ಟೆಸ್ಟ್ ಪದವಿ ಪಡೆಯದಿದ್ದ ಶ್ರೀಲಂಕಾ ನಮ್ಮನ್ನು 47 ರನ್ನುಗಳಿಂದ ಸೋಲಿಸಿತು. 1983ರಲ್ಲಿ ಜಿಂಬಾಬ್ವೆ ಮೊತ್ತಮೊದಲ ಸಲ ವಿಶ್ವಕಪ್ಪಿಗೆ ಬಂದು ಮೊದಲ ಪಂದ್ಯದಲ್ಲೇ ಆಸ್ಟ್ರೇಲಿಯಾವನ್ನು 13 ರನ್ನುಗಳಿಂದ ಮಣಿಸಿತು. ಕೆಲವು ದಿನಗಳ ಮೇಲೆ ಟನ್‌ಬ್ರಿಜ್ ವೆಲ್ಸಿನಲ್ಲಿ ಅದೇ ಜಿಂಬಾಬ್ವೆ ಭಾರತವನ್ನು 17ಕ್ಕೆ 5 ವಿಕೆಟ್ ಎಂಬ ಸ್ಥಿತಿಗೆ ತಂದಿತು. ಕಪಿಲ್ ದೇವ್ ಅಜೇಯರಾಗಿ 175 ರನ್ನುಗಳನ್ನು ಮಾಡಿದುದು ಆಗ. ಒಂಬತ್ತನೆಯ ವಿಕೆಟ್ಟಿಗೆ ಅವರೊಡನೆ ಕಡೆಯವರೆಗೆ ನಿಂತು, ಮುರಿಯದ 126 ರನ್ನುಗಳ ಜೊತೆಯಾಟ ನಡೆಸಿದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಆ ಬೇಸಗೆಯಲ್ಲಿ ಭಾರತ ಕಪ್ಪನ್ನು ಗೆಲ್ಲುತ್ತದೆಂದು ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಯೋಗ್ಯತೆಯನ್ನು ಮೊದಲೇ ಅಳೆದು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿಯನ್ನು ಅಂದು ನಮಗೇ ಅನ್ವಯಿಸಿದ್ದರೆ, ಜೂನ್ 25ರ ಸಂಜೆ ಲಾರ್ಡ್ಸಿನ ಮಹಡಿಯ ಮೇಲೆ ಕಪ್ಪನ್ನು ಎತ್ತಿದವರು ಬೇರೆ ಯಾರೋ ಆಗುತ್ತಿದ್ದರು.

ಮೀಮಾಂಸಕರ ಉದಾರತೆಯನ್ನು ಹೇಳಿದ ಮೇಲೆ ಅದರ ಮೇರೆಯನ್ನೂ ಹೇಳುವುದು ಸತ್ಯಕ್ಕೆ ಸಲ್ಲತಕ್ಕ ಮರ್ಯಾದೆ. ಬಡತನವನ್ನು ಅಡ್ಡಿಯಲ್ಲವೆಂದ ಆ ಅಧ್ಯಾಯವೇ ಹುಟ್ಟಿನ ಕಾರಣದಿಂದ ಶೂದ್ರನನ್ನು ಯಜ್ಞದಿಂದ ಹೊರಗಿಟ್ಟಿತು. ಹೀಗೆ ಒಂದು ಕೈಯಿಂದ ತೆರೆದ ಬಾಗಿಲನ್ನು ಇನ್ನೊಂದು ಕೈಯಿಂದ ಮುಚ್ಚುವುದು ಅಧಿಕಾರಸ್ಥರಾದವರ ಪುರಾತನ ಅಭ್ಯಾಸ. ಕನ್ನಡ ನಾಡಿನಲ್ಲಿ ಇದಕ್ಕೆ ಉತ್ತರ ಬಂದುದು ಹನ್ನೆರಡನೆಯ ಶತಮಾನದಲ್ಲಿ. ಬಸವಣ್ಣನವರೂ ಅವರ ಜೊತೆಯ ಶರಣರೂ ಅಧಿಕಾರವನ್ನು ಕುಲದಲ್ಲಿ ಹುಡುಕದೆ ಕಾಯಕದಲ್ಲಿ ಕಂಡರು; ಚಮ್ಮಾರನಾಗಲಿ ಅಂಬಿಗನಾಗಲಿ ತನ್ನ ಕೆಲಸವನ್ನು ಸತ್ಯಶುದ್ಧವಾಗಿ ಮಾಡುವವನು ಅನುಭಾವದ ಗೋಷ್ಠಿಯಲ್ಲಿ ಯಾರಿಗೂ ಕಡಮೆಯಲ್ಲವೆಂದರು. ಮೊದಲು ಯೋಗ್ಯನಾಗು, ಬಳಿಕ ಬಾ ಎಂಬ ಕ್ರಮವನ್ನು ಅವರು ತಿರುಗಿಸಿ, ಬಂದು ದುಡಿ, ದುಡಿಮೆಯಿಂದಲೇ ಯೋಗ್ಯನಾಗುವೆ ಎಂದು ತೋರಿಸಿದರು.

ಅದಕ್ಕೆ ಸುಮಾರು ಎರಡು ಶತಮಾನಗಳಷ್ಟು ಹಿಂದೆಯೇ ಪಂಪನು ಇದೇ ಪ್ರಶ್ನೆಯನ್ನು ಕಥೆಯಲ್ಲಿ ಕಂಡಿದ್ದನು. ದ್ರೋಣನ ಶಿಷ್ಯರು ವಿದ್ಯಾಪ್ರದರ್ಶನ ಮಾಡುತ್ತಿದ್ದ ರಂಗಕ್ಕೆ ಕರ್ಣನು ಬರುತ್ತಾನೆ. ಅರ್ಜುನನೊಡನೆ ಸೆಣಸಲು ಎದ್ದುನಿಲ್ಲುತ್ತಾನೆ. ಆಗ ಅವನ ಕೈಚಳಕವನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನ ಕುಲವನ್ನು ಕೇಳುತ್ತಾರೆ. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿ ಅವನನ್ನು ಸಮಾನನನ್ನಾಗಿ ಮಾಡುತ್ತಾನೆ. ದುರ್ಯೋಧನನ ಈ ಕೃತ್ಯ ಆ ಸಭೆಯಲ್ಲಿ ನಡೆದ ಕೃತ್ಯಗಳಲ್ಲೆಲ್ಲ ಉದಾರವಾದುದೆಂಬುದರಲ್ಲಿ ಸಂದೇಹವಿಲ್ಲ; ಆದರೂ ಕಥೆಯ ದುರಂತಬೀಜ ಅಲ್ಲಿಯೇ ಬಿತ್ತು. ಏಕೆಂದರೆ ಕರ್ಣನಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಸ್ಥಾನ ಒಬ್ಬನ ಅನುಗ್ರಹವಾಗಿ ಸಂದಿತು. ಹಕ್ಕಾಗಿ ದೊರೆತುದು ಮನುಷ್ಯನನ್ನು ಸ್ವತಂತ್ರನನ್ನಾಗಿ ಮಾಡುತ್ತದೆ. ಅದೇ ವಸ್ತು ದಯೆಯಾಗಿ ದೊರೆತರೆ ಅವನನ್ನು ಜೀವಾವಧಿ ಕಟ್ಟಿಹಾಕುತ್ತದೆ. ಆ ಕಟ್ಟನ್ನು ಕರ್ಣನು ಕಡೆಯವರೆಗೂ ಬಿಡಿಸಿಕೊಳ್ಳಲಿಲ್ಲ. ಸಣ್ಣ ತಂಡಗಳನ್ನು ಕರೆಯುವುದು ಆಟದ ಪ್ರಚಾರಕ್ಕೆ, ಮಾರುಕಟ್ಟೆಯ ವಿಸ್ತಾರಕ್ಕೆ, ಅಥವಾ ನಮ್ಮ ದೊಡ್ಡ ಮನಸ್ಸಿನ ಪ್ರದರ್ಶನಕ್ಕೆ ಎಂದು ಹೇಳುವವರೆಲ್ಲ, ತಮಗೆ ತಿಳಿಯದೆಯೇ, ಅಂಗರಾಜ್ಯವನ್ನು ಹಂಚುವವರು. ಬೇಕಾಗಿರುವುದು ಅದಲ್ಲ. ನಿಯಮಕ್ಕನುಸಾರವಾಗಿ ಆಡಿ ಗೆದ್ದು ಬರುವವರಿಗೆ ತೆರೆದ ದಾರಿ, ಮತ್ತು ಆ ದಾರಿ ನಾಳೆಯೂ ತೆರೆದಿರುತ್ತದೆಂಬ ಭರವಸೆ, ಇವೆರಡೇ ಬೇಕಾಗಿರುವುದು.

ದಯೆಯ ಮಾತು ಬಂದುದರಿಂದ ಇನ್ನೊಂದು ಸಂಶಯವನ್ನೂ ಪರಿಹರಿಸಿಕೊಳ್ಳಬೇಕು. ದುರ್ಬಲನ ಎದುರು ಆಡುವಾಗ ಬಲಿಷ್ಠನು ಸ್ವಲ್ಪ ಕೈತಡೆದು ಆಡುವುದು ಧರ್ಮವೆ? ಅಫ್ಘಾನಿಸ್ಥಾನ ತನ್ನ ಮೊದಲನೆಯ ಟೆಸ್ಟನ್ನು ಆಡಿದುದು ಬೆಂಗಳೂರಿನಲ್ಲಿ, 2018ರ ಜೂನ್ 14ರಿಂದ. ಆ ಆಟಗಾರರಲ್ಲಿ ಹಲವರ ಬಾಲ್ಯ ಪಾಕಿಸ್ತಾನದ ನಿರಾಶ್ರಿತರ ಶಿಬಿರಗಳ ನೆರಳಿನಲ್ಲಿ ಕಳೆದದ್ದು. ಅಲ್ಲಿ ಕಲಿತ ಆಟವನ್ನು ಹೊತ್ತು ಅವರ ದೇಶ 2008ರಲ್ಲಿ ಜರ್ಸಿ ದ್ವೀಪದಲ್ಲಿ ವಿಶ್ವ ಲೀಗಿನ ಐದನೆಯ ದರ್ಜೆಯಿಂದ ಮೆಟ್ಟಲೇರಲು ಆರಂಭಿಸಿತ್ತು. ಅಂಥವರು ಬೌಲಿಂಗಿಗೆ ಇಳಿದ ಮೊದಲ ಬೆಳಗ್ಗೆಯೇ ಶಿಖರ್ ಧವನ್ ಊಟದ ವಿರಾಮಕ್ಕೆ ಮುಂಚೆ ನೂರು ರನ್ನುಗಳನ್ನು ಬಾರಿಸಿದರು. ಭಾರತ 474, ಅಫ್ಘಾನಿಸ್ಥಾನ 109 ಮತ್ತು 103, ಎರಡೇ ದಿನಗಳಲ್ಲಿ ಪಂದ್ಯ ಮುಗಿದು ಇನ್ನಿಂಗ್ಸ್ ಮತ್ತು 262 ರನ್ನುಗಳ ಸೋಲು. ಕರುಣಾಳುವಾದ ಪ್ರೇಕ್ಷಕನಿಗೆ ಇದು ಕ್ರೂರವಾಗಿ ಕಂಡಿರಬಹುದು. ಆದರೆ ಕೈತಡೆದು ಆಡಿದ್ದರೆ? ಆ ಹನ್ನೊಂದು ಜನಕ್ಕೆ ಟೆಸ್ಟ್ ಎಂಬ ಹೆಸರಿನಲ್ಲಿ ಟೆಸ್ಟ್ ಅಲ್ಲದ ಬೇರೆ ಏನನ್ನೋ ಕೊಟ್ಟಂತಾಗುತ್ತಿತ್ತು. ಎದುರಾಳಿಯ ಮೇಲೆ ಪೂರ್ಣಬಲವನ್ನು ಪ್ರಯೋಗಿಸುವುದು ಅವನನ್ನು ಎದುರಾಳಿಯೆಂದು ಒಪ್ಪಿಕೊಂಡುದರ ಸಾಕ್ಷಿ. ಬಲವನ್ನು ಬಚ್ಚಿಟ್ಟುಕೊಳ್ಳುವುದು ಅವನನ್ನು ಮಗುವೆಂದು ತಿಳಿದುದರ ಸಾಕ್ಷಿ. ಆಟ ಮುಗಿದು ಪ್ರಶಸ್ತಿ ಕೈಗೆ ಬಂದಾಗ ಭಾರತದ ನಾಯಕ ಅಜಿಂಕ್ಯ ರಹಾನೆ ಸೋತ ತಂಡದವರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಚಿತ್ರ ತೆಗೆಸಿದರು. ಆಟದಲ್ಲಿ ಅಣುವಷ್ಟೂ ದಯೆಯಿಲ್ಲ, ಆಟದ ಹೊರಗೆ ಅಣುವಷ್ಟೂ ಗರ್ವವಿಲ್ಲ: ಬಲಿಷ್ಠನ ಧರ್ಮವನ್ನು ಇದಕ್ಕಿಂತ ಸ್ಪಷ್ಟವಾಗಿ ಆಚರಿಸಿ ತೋರಿಸುವುದು ಕಷ್ಟ. ಆ ಪೆಟ್ಟು ವ್ಯರ್ಥವಾಗಲಿಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಪ್ರಮಾಣ. 2023ರ ವಿಶ್ವಕಪ್ಪಿನಲ್ಲಿ ಅಫ್ಘಾನಿಸ್ಥಾನ ದೆಹಲಿಯಲ್ಲಿ ಇಂಗ್ಲೆಂಡನ್ನೂ ಚೆನ್ನೈಯಲ್ಲಿ ಪಾಕಿಸ್ತಾನವನ್ನೂ ಸೋಲಿಸಿತು. 2024ರ ಇಪ್ಪತ್ತು ಓವರುಗಳ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾವನ್ನು ಹಿಂದಿಕ್ಕಿ ಸೆಮಿಫೈನಲ್ ಮುಟ್ಟಿತು.

ಧರ್ಮವೆಂಬುದು ಬಲಿಷ್ಠರಿಗೆ ಮಾತ್ರ ವಿಧಿಸತಕ್ಕದ್ದಲ್ಲ. ಸಣ್ಣವನಿಗೂ ತನ್ನದಾದ ಧರ್ಮವುಂಟು. ಕೀನ್ಯಾ 1996ರಲ್ಲಿ ಪುಣೆಯಲ್ಲಿ ವೆಸ್ಟ್ ಇಂಡೀಸನ್ನು 93 ರನ್ನುಗಳಿಗೆ ಉರುಳಿಸಿ ಲೋಕವನ್ನು ಬೆರಗುಗೊಳಿಸಿತು; 2003ರಲ್ಲಿ ಸೆಮಿಫೈನಲ್‌ವರೆಗೆ ನಡೆಯಿತು. ಅಲ್ಲಿಂದ ಹತ್ತು ಹನ್ನೊಂದು ವರ್ಷಗಳೊಳಗೆ ಏಕದಿನ ಪಂದ್ಯಗಳ ಮಾನ್ಯತೆಯನ್ನೇ ಅದು ಕಳೆದುಕೊಂಡಿತು. ದೊಡ್ಡವರು ಅದರೊಡನೆ ಆಡುವುದನ್ನು ಕಡಮೆಮಾಡಿದರೆಂಬುದು ಒಂದು ಕಾರಣ. ಮನೆಯೊಳಗಣ ಆಡಳಿತದ ಕಲಹ, ಲಂಚದ ಕಳಂಕ, ಹೊಸಬರನ್ನು ತಯಾರುಮಾಡದ ಅಲಕ್ಷ್ಯ ಇನ್ನೊಂದು ಕಾರಣ. ಪಡೆದ ಅವಕಾಶವನ್ನು ಬೆಳೆಸಿಕೊಳ್ಳದವನು ಅವಕಾಶವಿಲ್ಲವೆಂದು ದೂರಲಾರ. ಅಫ್ಘಾನಿಸ್ಥಾನದ ವಿಷಯದಲ್ಲಿಯಂತೂ ಇದಕ್ಕಿಂತ ಕಠಿಣವಾದ ಮಾತನ್ನು ಹೇಳಬೇಕಾಗುತ್ತದೆ. ಲೋಕದ ಬಾಗಿಲು ತನಗೆ ತೆರೆಯಬೇಕೆಂದು ಕೇಳಿ ಪಡೆದ ಆ ದೇಶ, 2021ರ ರಾಜ್ಯಕ್ರಾಂತಿಯ ಬಳಿಕ ತನ್ನ ಹೆಣ್ಣುಮಕ್ಕಳಿಗೆ ಆ ಬಾಗಿಲನ್ನು ಮುಚ್ಚಿತು. ಆಟಕ್ಕಾಗಿ ಊರು ಬಿಟ್ಟು ಆಸ್ಟ್ರೇಲಿಯಾ ಸೇರಿದ ಆ ಹುಡುಗಿಯರು 2025ರ ಜನವರಿ 30ರಂದು ಮೆಲ್ಬರ್ನಿನಲ್ಲಿ ಒಂದು ತಂಡವಾಗಿ ಮೊದಲ ಸಲ ಆಡಿದರು. ಅವರ ದೇಶದ ಮಂಡಳಿ ಅವರನ್ನು ತನ್ನ ತಂಡವೆಂದು ಒಪ್ಪಿರಲಿಲ್ಲ. ಪುರುಷರ ತಂಡದ ಪೌರುಷವನ್ನು ಮೆಚ್ಚುವವರು ಈ ಅಧರ್ಮವನ್ನು ಮರೆಯಲಾಗದು. ಈ ಅಧರ್ಮಕ್ಕಾಗಿ, ಅದನ್ನು ಮಾಡದ ಆಟಗಾರರ ಪೌರುಷವನ್ನು ಅಲ್ಲಗಳೆಯಲೂ ಆಗದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನಡೆಯುವ ಕ್ಲೇಶ ನಮ್ಮ ಪಾಲಿಗೆ ಬಂದಿದೆ.

ಸಣ್ಣತನ ಒಂದು ತಂಡಕ್ಕಾಗಲಿ ದೇಶಕ್ಕಾಗಲಿ ಸ್ವಭಾವಸಿದ್ಧವಾದ ಗುಣವಲ್ಲ. ಅದು ಕಣವನ್ನು ಅವಲಂಬಿಸಿದ್ದು. ಜಗತ್ತಿನಲ್ಲಿ ಅಮೆರಿಕೆಗಿಂತ ಬಲವಾದ ರಾಷ್ಟ್ರವಿಲ್ಲ. ಕ್ರಿಕೆಟ್ಟಿನಲ್ಲಿ ಅದು ಬಡ ಸಹಸದಸ್ಯ. 2024ರ ಜೂನ್ 6ರಂದು ಡಲ್ಲಾಸ್ ಸಮೀಪದಲ್ಲಿ ಆ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದಾಗ ನಿರ್ಣಾಯಕ ಓವರನ್ನು ಎಸೆದವನು ಮುಂಬಯಿಯಲ್ಲಿ ಕಲಿತು ಅಮೆರಿಕೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ಸೌರಭ್ ನೇತ್ರಾವಳ್ಕರ್. ಅದಕ್ಕೆ ಮುಂಚೆ ಮೂರು ವಿಕೆಟ್ಟುಗಳನ್ನು ಕಿತ್ತವನು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದು ಬೆಂಗಳೂರಿನ ಲೀಗುಗಳಲ್ಲಿ ಆಡಿದ ನೋಸ್ತುಷ್ ಕೆಂಜಿಗೆ. ಇತ್ತ ನೂರಾ ನಲವತ್ತು ಕೋಟಿ ಜನರ ಭಾರತ ಫುಟ್‌ಬಾಲಿನ ವಿಶ್ವಕಪ್ಪಿನಲ್ಲಿ ಇಂದಿಗೂ ಒಂದು ಪಂದ್ಯವನ್ನು ಆಡಿಲ್ಲ. ಒಂದು ಕಣದಲ್ಲಿ ಬಾಗಿಲು ಕಾಯುವವನು ಇನ್ನೊಂದು ಕಣದಲ್ಲಿ ಬಾಗಿಲು ತಟ್ಟುವವನೇ. ಇದನ್ನು ಅರಿತವನಿಗೆ ಗರ್ವಪಡಲು ಅವಕಾಶ ಕಡಮೆ.

ಒಂದು ರನ್ನಿನಿಂದ ಸೋಲುವುದೆಂದರೇನೆಂಬುದನ್ನು 2024ರ ಜೂನ್ ತಿಂಗಳಲ್ಲಿ ನೇಪಾಳ ಅನುಭವಿಸಿತು. ಸೇಂಟ್ ವಿನ್ಸೆಂಟ್ ದ್ವೀಪದ ಕಿಂಗ್ಸ್‌ಟೌನಿನಲ್ಲಿ ದಕ್ಷಿಣ ಆಫ್ರಿಕಾವನ್ನು ಅದು 115ಕ್ಕೆ ಹಿಡಿದು ನಿಲ್ಲಿಸಿತ್ತು. ಕೊನೆಯ ಚೆಂಡಿಗೆ ಎರಡು ರನ್ ಬೇಕಾಗಿದ್ದುವು. ಸಮನಾಗಿಸುವುದಕ್ಕೆ ಒಂದು ಸಾಕಾಗಿತ್ತು. ಬ್ಯಾಟಿಗೆ ಸಿಗದೆ ಹೋದ ಆ ಚೆಂಡಿಗೂ ಓಡಿದ ಗುಲ್ಸನ್ ಝಾ ಮನೆ ಮುಟ್ಟುವಷ್ಟರಲ್ಲಿ ರನ್‌ಔಟ್ ಆದನು. 114ಕ್ಕೂ 115ಕ್ಕೂ ನಡುವೆ ಇರುವ ಅಂತರ ಎಷ್ಟು ಸಣ್ಣದೋ, ಆ ಅಂತರವನ್ನು ದಾಟುವುದಕ್ಕೆ ಬೇಕಾದ ಅಭ್ಯಾಸ ಅಷ್ಟೇ ದೊಡ್ಡದು. ದೊಡ್ಡ ತಂಡಗಳೆದುರು ಕಡೆಯ ಓವರುಗಳನ್ನು ಆಡಿ ಆಡಿ ಸೋತವರಿಗೆ ಮಾತ್ರ ಕಡೆಯ ಓವರನ್ನು ಗೆಲ್ಲುವುದು ತಿಳಿಯುತ್ತದೆ. ಆ ಸೋಲುಗಳನ್ನೇ ಅವರಿಗೆ ನಿರಾಕರಿಸುವುದು ಗೆಲವನ್ನು ನಿರಾಕರಿಸುವುದಕ್ಕಿಂತ ದೊಡ್ಡ ಅನ್ಯಾಯ.

2027ರ ವಿಶ್ವಕಪ್ಪಿಗೆ ಮತ್ತೆ 14 ತಂಡಗಳನ್ನು ಕರೆಯಲು ಮಂಡಳಿ ನಿರ್ಧರಿಸಿದೆ; ಇದು ಕೃಪೆಯಲ್ಲ, ತಡವಾಗಿ ಬಂದ ನ್ಯಾಯ. ಅದೂ ಅರ್ಧ ನ್ಯಾಯ. ಆ ಪಂದ್ಯಾವಳಿ ನಡೆಯುವುದು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾ ಈ ಮೂರು ದೇಶಗಳಲ್ಲಿ. ಆತಿಥೇಯರೆಂಬ ಕಾರಣಕ್ಕೆ ಮೊದಲಿನ ಎರಡಕ್ಕೆ ನೇರ ಪ್ರವೇಶವುಂಟು. ಪೂರ್ಣಸದಸ್ಯನಲ್ಲದ ನಮೀಬಿಯಾ ಮಾತ್ರ ತನ್ನದೇ ಅಂಗಳದ ಉತ್ಸವಕ್ಕೆ ಅರ್ಹತಾ ಪಂದ್ಯಗಳನ್ನು ಗೆದ್ದು ಬರಬೇಕಾಗಿದೆ. ಈ ಭೇದವನ್ನು ಕಟ್ಟಿದವರಲ್ಲಿಯೂ ಇದರಿಂದ ಲಾಭ ಪಡೆಯುವವರಲ್ಲಿಯೂ ನಮ್ಮ ದೇಶದ ಮಂಡಳಿ ಮುಂದಿನ ಸಾಲಿನಲ್ಲಿದೆ. ಆ ಮಂಡಳಿಯ ಬಲವೆಲ್ಲ ಆಟವನ್ನು ನೋಡುವ ನಮ್ಮಿಂದ ಬಂದದ್ದು. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಇನ್ನು ಮುಂದೆ ಭಾರತದ ಎದುರಿಗೆ ಸಣ್ಣ ತಂಡವೊಂದು ಆಡುವ ದಿನ, ಫಲ ಗೊತ್ತಿದೆಯೆಂದು ಎದ್ದುಹೋಗದೆ ಕುಳಿತು ನೋಡಿರಿ, ಅವರ ಒಳ್ಳೆಯ ಚೆಂಡಿಗೆ, ಒಳ್ಳೆಯ ಕ್ಯಾಚಿಗೆ, ನಮ್ಮವರದಕ್ಕೆ ತಟ್ಟುವಷ್ಟೇ ಜೋರಾಗಿ ಚಪ್ಪಾಳೆ ತಟ್ಟಿರಿ, ಅವರಿಗೆ ಸ್ಥಳವೇಕೆಂದು ಯಾರಾದರೂ ಕೇಳಿದರೆ, 1932ರಿಂದ 1952ರವರೆಗೆ ನಮಗೆ ಸ್ಥಳ ಏಕಿತ್ತೋ ಅದಕ್ಕೇ ಎಂದು ಉತ್ತರ ಹೇಳಿರಿ.